ಕಾಣದ ಕಣವೂ ಪ್ರಮಾಣದ ಪ್ರಶ್ನೆಯೂ

ಬೆಳಕಿಗೆ ಫೋಟಾನ್ ಇರುವಂತೆ ಗುರುತ್ವಕ್ಕೂ ಅದನ್ನು ಹೊರುವ ಕಣವೊಂದು ಇರಬೇಕೆಂಬುದು ಭೌತವಿಜ್ಞಾನಿಗಳ ಊಹೆ. ಅದಕ್ಕೆ ಗ್ರಾವಿಟಾನ್ ಎಂದು ಹೆಸರು. ಅಂಥ ಒಂದೇ ಕಣವನ್ನು ಪತ್ತೆಹಚ್ಚುವುದು ಸಾಧ್ಯವೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಫ್ರೀಮನ್ ಡೈಸನ್ನರು ೨೦೧೩ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ವಿಷಯವು ಭೌತವಿಜ್ಞಾನದ್ದಾದರೂ, ಕಾಣದುದನ್ನು ಯಾವ ಪ್ರಮಾಣದಿಂದ ಒಪ್ಪಬೇಕೆಂಬ ಚರ್ಚೆಯು ಇತಿಹಾಸದ ಅಭ್ಯಾಸಿಗಳಾದ ನಮಗೂ ಸೇರಿದ್ದು.

ಡೈಸನ್ನರ ಲೆಕ್ಕದಂತೆ, ಲೈಗೊ ಉಪಕರಣಕ್ಕೆ ಗೋಚರವಾಗುವ ಗುರುತ್ವ ತರಂಗದಲ್ಲಿ ೧೦ರ ೩೭ನೆಯ ಘಾತಕ್ಕೂ ಮೀರಿದಷ್ಟು ಗ್ರಾವಿಟಾನುಗಳಿರಬೇಕು. ಒಂದೊಂದನ್ನೇ ಹಿಡಿಯುವಂತೆ ಅದನ್ನು ರಚಿಸಹೊರಟರೆ, ಕನ್ನಡಿಗಳ ಭಾರವೇ ಅವನ್ನು ಪರಸ್ಪರ ಸೆಳೆದು ಕಪ್ಪುಕುಳಿಯಾಗಿಸುತ್ತದೆ. ರಾಥ್‌ಮನ್ ಮತ್ತು ಬಾನ್ ಅವರು ೨೦೦೬ರಲ್ಲಿ ತೋರಿಸಿದ್ದೂ ಇಂಥದೇ: ಗುರುಗ್ರಹದಷ್ಟು ದ್ರವ್ಯರಾಶಿಯ ನಿರ್ದುಷ್ಟ ಉಪಕರಣವನ್ನು ನ್ಯೂಟ್ರಾನ್ ನಕ್ಷತ್ರದ ಸಮೀಪದಲ್ಲಿಟ್ಟರೂ ಹತ್ತು ವರ್ಷಕ್ಕೊಂದು ಕಣ ಸಿಕ್ಕೀತು.

ಇದಕ್ಕೆ ಎದುರಾಗಿ ನ್ಯೂಟ್ರಿನೊದ ಕಥೆಯನ್ನು ಹೇಳುವುದುಂಟು. ಅದನ್ನು ಕಾಣುವ ದಾರಿಯಿಲ್ಲವೆಂದು ಬೆಥೆ ಮತ್ತು ಪೀಯೆರ್ಲ್ಸ್ ೧೯೩೪ರಲ್ಲಿ ಬರೆದರು. ೧೯೫೬ರಲ್ಲಿ ರೈನ್ಸ್ ಮತ್ತು ಕೋವನ್ ಅದನ್ನು ಕಂಡೇಬಿಟ್ಟರು. ಆದರೆ ಈ ಹೋಲಿಕೆ ಪೂರ್ಣವಲ್ಲವೆಂದು ನಮ್ಮ ಅಭಿಪ್ರಾಯ. ಅಲ್ಲಿದ್ದುದು ಸಾಧನಗಳ ಬಡತನ. ಪರಮಾಣು ಸ್ಥಾವರವು ಅದನ್ನು ನೀಗಿತು. ಇಲ್ಲಿ ಅಡ್ಡಬರುವುದು ನಿಸರ್ಗದ ನಿಯಮವೇ ಎಂದು ಡೈಸನ್ನರು ಸೂಚಿಸುತ್ತಾರೆ. ಪ್ರಬಂಧದ ಹಿರಿಮೆಯಿರುವುದು ಈ ಸೂಚನೆಯಲ್ಲಿ.

ಅದರ ಮಿತಿಯೂ ಅಲ್ಲಿಯೇ ಇದೆ. ಅವರು ಪರೀಕ್ಷಿಸಿದ್ದು ಕೆಲವು ಬಗೆಯ ಉಪಕರಣಗಳನ್ನು ಮಾತ್ರ. ಈ ದಾರಿಗಳು ಮುಚ್ಚಿವೆಯೆಂದಮಾತ್ರಕ್ಕೆ ಎಲ್ಲ ದಾರಿಗಳೂ ಮುಚ್ಚಿವೆಯೆನ್ನಲಾಗದು. ೨೦೨೪ರಲ್ಲಿ ಪಿಕೋವ್ಸ್ಕಿ ಮತ್ತು ಸಂಗಡಿಗರು ಬೇರೊಂದು ದಾರಿಯನ್ನು ಸೂಚಿಸಿದರು: ಅತಿಶೀತಲವಾದ ಲೋಹದ ದಂಡವೊಂದು ಹಾಯುವ ತರಂಗದಿಂದ ಶಕ್ತಿಯ ಒಂದೇ ಕಂತನ್ನು ಹೀರಿದುದನ್ನು ಗುರುತಿಸಿ, ಅದನ್ನು ಲೈಗೊ ದಾಖಲೆಯೊಡನೆ ತಾಳೆನೋಡುವುದು.

ಆ ಪ್ರಯೋಗ ಫಲಿಸಿದರೂ ವಾದ ಮುಗಿಯದು. ಶಕ್ತಿಯು ಕಂತಾಗಿ ತೋರುವುದಕ್ಕೆ ದಂಡದ ಸ್ವಭಾವವೇ ಕಾರಣವಾಗಿರಬಹುದು. ಲೋಹದಿಂದ ಬೆಳಕು ಇಲೆಕ್ಟ್ರಾನುಗಳನ್ನು ಹೊರಡಿಸುವುದನ್ನು ಫೋಟಾನಿನ ನೆರವಿಲ್ಲದೆಯೂ ಬಹುಮಟ್ಟಿಗೆ ವಿವರಿಸಬಹುದೆಂದು ಲ್ಯಾಂಬ್ ಮತ್ತು ಸ್ಕಲ್ಲಿ ೧೯೬೯ರಲ್ಲಿ ತೋರಿಸಿದ್ದರು. ಆದುದರಿಂದ ಪತ್ತೆ ಬೇರೆ, ಪ್ರಮಾಣ ಬೇರೆ. ಶಾಸನ ದೊರೆಯಲಿಲ್ಲವೆಂದು ಅರಸನಿರಲಿಲ್ಲವೆನ್ನುವುದೂ, ದೊರೆತ ಶಾಸನದ ಮಾತೆಲ್ಲ ನಿಜವೆನ್ನುವುದೂ ನಮ್ಮಲ್ಲಿ ಸಲ್ಲದ ಕ್ರಮಗಳು. ವಿದ್ಯಾರ್ಥಿಗಳು ಈ ಎರಡು ಎಚ್ಚರಗಳೊಡನೆ ಡೈಸನ್ನರನ್ನು ಓದಬೇಕು. ಅವರ ಶೀರ್ಷಿಕೆಯ ಕೊನೆಯಲ್ಲಿರುವ ಪ್ರಶ್ನಚಿಹ್ನೆಯನ್ನು ಮರೆಯಬಾರದು.