ನಾಗಿಯ ಅಂಗಳಕ್ಕೆ ಬಂದ ನೀರು

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕತೆಯ ಒಳಗೇ ಓಡಾಡುವ ವರ್ಚುವಲ್ ರಿಯಾಲಿಟಿ ಈಗ ನೆಲೆ ತಪ್ಪಿದವರ ಕತೆಗಳನ್ನೂ ಹೇಳುತ್ತಿದೆ. ಮೆಕ್ಸಿಕೋದ ನಿರ್ದೇಶಕ ಇನ್ಯಾರಿಟು 2017ರಲ್ಲಿ ಕಾನ್ ಚಿತ್ರೋತ್ಸವಕ್ಕೆ ತಂದ ‘ಕಾರ್ನೆ ಇ ಅರೇನಾ’ದಲ್ಲಿ ನೋಡುಗರು ಬರಿಗಾಲಲ್ಲಿ ಮರಳ ಮೇಲೆ ನಿಲ್ಲಬೇಕು. ಸುತ್ತಲೂ ಗಡಿ ದಾಟಲು ಹೊರಟ ವಲಸಿಗರು. ಅಂಗಾಲಿನಿಂದಲೇ ಕತೆ ಶುರುವಾಗುವ ಈ ಬಗೆ ಬಹಳ ಚೆಂದ. ಆದರೂ ನನ್ನ ಮನಸ್ಸು ಹೋಗಿ ನಿಲ್ಲುವುದು ಯಾವ ಯಂತ್ರವೂ ಬೇಡದ, ಅಣೆಕಟ್ಟಿನ ಮುಳುಗಡೆಯ ಕತೆ ಹೇಳುವ ನಮ್ಮ ಕನ್ನಡ ಚಿತ್ರ ‘ದ್ವೀಪ’ದಲ್ಲಿ.

ಸೊರಬದ ಹೊಸಬಾಳೆ ಕಡೆಯವರಿಗೆ ಮುಳುಗಡೆ ದೂರದ ಸುದ್ದಿಯಲ್ಲ. ಪಕ್ಕದ ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ಕಣಿವೆಯ ಮನೆ, ಗದ್ದೆ, ತೋಟಗಳು ನೀರಿನಡಿ ಸೇರಿದವು. ಮೊದಲಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಈಗಲೂ ತಲೆಯೆತ್ತುತ್ತದೆ. ಸಾಗರದ ನಾ. ಡಿಸೋಜ ಈ ಸಂಕಟವನ್ನು ‘ದ್ವೀಪ’ ಎಂಬ ಕಾದಂಬರಿಯಾಗಿಸಿದರು, ಗಿರೀಶ್ ಕಾಸರವಳ್ಳಿ ಅದನ್ನು ತೆರೆಗೆ ತಂದರು. 2001ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು.

ಊರು ಬಿಟ್ಟ ಮೇಲಿನ ಅಳುವನ್ನು ಬಹಳ ಕತೆಗಳು ಹೇಳಿವೆ. ‘ದ್ವೀಪ’ ತೋರಿಸುವುದು ಬಿಡುವ ಮುಂಚಿನ ದುಃಖ. ಒಲೆ ಇನ್ನೂ ಉರಿಯುತ್ತಿದೆ, ದೇವರಿಗೆ ಪೂಜೆ ನಡೆಯುತ್ತಿದೆ, ಆದರೆ ಮನೆಗೆ ಸೂತಕ ಹಿಡಿದಾಗಿದೆ. ಮಳೆ ಬಿಡುವುದಿಲ್ಲ. ಎಚ್.ಎಂ. ರಾಮಚಂದ್ರರ ಕ್ಯಾಮೆರಾ ನೀರನ್ನು ಅವಸರಪಡಿಸುವುದಿಲ್ಲ. ಇವತ್ತು ಎಷ್ಟು ಏರಿತು ಎಂದು ಚಿತ್ರದ ನಾಯಕಿ ನಾಗಿಯ ಜೊತೆ ನಾವೂ ನೋಡತೊಡಗುತ್ತೇವೆ. ಇನ್ಯಾರಿಟುವಿನ ಬರಿಗಾಲ ಮರಳು ನಮಗೊಂದು ಜಾಗ ಕೊಡುತ್ತದೆ, ಈ ಮಳೆ ಕಾಯುವ ಹೊತ್ತನ್ನು ಕೊಡುತ್ತದೆ. ನನಗೆ ಎರಡನೆಯದೇ ಹೆಚ್ಚು.

ನಾಗಿಯ ಮಾವ ದುಗ್ಗಜ್ಜನಾಗಿ ಎಂ.ವಿ. ವಾಸುದೇವ ರಾವ್. 1975ರ ‘ಚೋಮನ ದುಡಿ’ಯಲ್ಲಿ ತುಂಡು ಭೂಮಿಗಾಗಿ ಹಂಬಲಿಸಿದ್ದ ಅದೇ ಮುಖ ಇಲ್ಲಿ ಇರುವ ನೆಲವನ್ನೂ ಕಳೆದುಕೊಳ್ಳುತ್ತದೆ. ಎರಡನ್ನೂ ನೋಡಿದವರಿಗೆ ಆ ಮುದುಕನ ಮೌನ ತಡೆಯಲಾಗದು. ನಾಗಿಯಾದ ಸೌಂದರ್ಯ ಈ ಚಿತ್ರದ ನಿರ್ಮಾಪಕಿಯೂ ಹೌದು. ಕೊನೆಗೆ ಮನೆ ಉಳಿದದ್ದು ದೇವರ ದಯೆ ಎಂದು ಗಂಡ ನಂಬುತ್ತಾನೆ. ಆದರೆ ಅದಕ್ಕಾಗಿ ಹಗಲಿರುಳು ಹೆಣಗಿದವಳು ನಾಗಿ. ಆಗ ಅವಳ ಮುಖದಲ್ಲಿ ಕಾಣುವ ಒಂಟಿತನದ ಮುಂದೆ ನೀರಿನ ಭಯವೂ ಸಣ್ಣದೆನಿಸುತ್ತದೆ.

ಮಳೆಗಾಲದಲ್ಲಿ ಇದನ್ನು ಮತ್ತೆ ನೋಡಿ. ಮುಳುಗಡೆಯಿಂದ ಬಂದ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಬಿಟ್ಟುಬಂದ ಊರಿನ, ಗದ್ದೆಯ, ಹಳ್ಳದ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ.