ಮಡಿಸಲು ಸುಲಭ, ಬಿಚ್ಚಲು ಪಡಿಪಾಟಲು

ಲಂಡನ್ನಿನ ಬ್ರಾಂಪ್ಟನ್ ಸೈಕಲ್ಲನ್ನು ಮಡಿಸಲು ಕೈ ಪಳಗಿದವರಿಗೆ ಅರ್ಧ ನಿಮಿಷವೂ ಬೇಡ. ಅದರ ಹಿಂಚಕ್ರವನ್ನು ಬಿಚ್ಚಿ ಮತ್ತೆ ಕೂರಿಸಲು ಅದೇ ಕೈಗೆ ಅರ್ಧ ಗಂಟೆ ಸಾಲದಿದ್ದರೂ ಅಚ್ಚರಿಯಿಲ್ಲ. ಆಂಡ್ರ್ಯೂ ರಿಚಿ 1970ರ ದಶಕದಲ್ಲಿ, ಬ್ರಾಂಪ್ಟನ್ ಆರೇಟರಿ ಚರ್ಚು ಕಾಣುವ ತನ್ನ ಫ್ಲ್ಯಾಟಿನಲ್ಲಿ ರೂಪಿಸಿದ ಈ ಯಂತ್ರಕ್ಕೆ ಸಿಕ್ಕಿದ ಹೊಗಳಿಕೆಯೆಲ್ಲ ಮಡಿಸುವ ಜಾಣ್ಮೆಗೆ. ನನ್ನ ತಕರಾರು ಬಿಚ್ಚುವ ಕುರಿತು.

ಮೂರು ಗೇರಿನ ಮಾದರಿಯನ್ನೇ ನೋಡಿ. ಮೊದಲು ಗೇರಿನ ತಂತಿ ಸಡಿಲಿಸಬೇಕು. ಹಬ್ಬಿನೊಳಕ್ಕೆ ಹೊಕ್ಕಿರುವ ಪುಟ್ಟ ಸರಪಳಿಯನ್ನು ತಿರುಗಿಸಿ ತೆಗೆಯಬೇಕು. ಮಡಿಸಿದಾಗ ಚೈನು ಜೋತುಬೀಳದಂತೆ ಹಿಡಿಯುವ ಟೆನ್ಷನರನ್ನು ಕಳಚಬೇಕು. ಆಮೇಲಷ್ಟೇ 15 ಮಿ.ಮೀ. ಸ್ಪ್ಯಾನರಿಗೆ ಕೆಲಸ. ಮೂಗಿರುವ ವಾಷರುಗಳು ಚರಂಡಿ ಸೇರದಂತೆ ಜೇಬಿಗೆ ಹಾಕಿಕೊಳ್ಳಬೇಕು. ಎಲ್ಲ ಜೋಡಿಸಿದ ಮೇಲೆ ಗೇರನ್ನು ಹೊಸದಾಗಿ ಹೊಂದಿಸಬೇಕು. ಮುಂಚಕ್ರಕ್ಕೆ ಈ ರಗಳೆಯಿಲ್ಲ. ಆದರೆ ಸವಾರನ ಭಾರದಲ್ಲಿ ಹೆಚ್ಚು ಪಾಲು ಹೊತ್ತು ಬೇಗ ಸವೆಯುವುದು ಹಿಂದಿನದೇ.

ಚಿಕ್ಕ ಚಕ್ರಕ್ಕೆ ಪಂಕ್ಚರ್ ಜಾಸ್ತಿ ಎನ್ನುತ್ತಾರೆ. ಇದು ಅರ್ಧ ನಿಜ. ಬ್ರಾಂಪ್ಟನ್ ರಿಮ್ಮಿನ ಅಳತೆ 349 ಮಿ.ಮೀ.; 1962ರಲ್ಲಿ ಅಲೆಕ್ಸ್ ಮೌಲ್ಟನ್ ತನ್ನ ಚಿಕ್ಕ ಚಕ್ರದ ಸೈಕಲ್ಲಿಗೆ ಆರಿಸಿದ್ದೂ ಇದನ್ನೇ. ಈ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 760 ಸುತ್ತು ಹಾಕಿದರೆ ದೊಡ್ಡ ಚಕ್ರ 470ರ ಆಸುಪಾಸು. ಟಯರ್ ಬೇಗ ಸವೆಯುವುದು ಖಂಡಿತ. ಆದರೆ ಎರಡೂ ತುಳಿಯುವ ರಸ್ತೆಯ ಉದ್ದ ಒಂದೇ; ದಾರಿಯ ಗಾಜಿನ ಚೂರು ಚಕ್ರದ ಗಾತ್ರ ಕೇಳಿ ಎದುರಾಗುವುದಿಲ್ಲ. ವ್ಯತ್ಯಾಸವಿರುವುದು ಚೂರು ಅಂಟಿಕೊಂಡ ಮೇಲೆ: ಚಿಕ್ಕ ಚಕ್ರ ಅದನ್ನು ಅಷ್ಟೇ ದೂರದಲ್ಲಿ ಹೆಚ್ಚು ಸಲ ಒತ್ತಿ ಒಳಗಿಳಿಸುತ್ತದೆ. ಮಳೆಯ ದಿನ ಒದ್ದೆ ರಬ್ಬರನ್ನು ಗಾಜು ಇನ್ನೂ ಸಲೀಸಾಗಿ ಕೊಯ್ಯುತ್ತದೆ. ಹಾಗಾಗಿ ಮನೆಗೆ ಬಂದಮೇಲೆ ಚಕ್ರವನ್ನೊಮ್ಮೆ ನಿಧಾನಕ್ಕೆ ತಿರುಗಿಸಿ, ಚೂರು ಕಂಡರೆ ಉಗುರಿನಿಂದ ಕಿತ್ತೆಸೆಯುವುದು ಯಾವ ದುಬಾರಿ ಟಯರಿಗಿಂತಲೂ ಅಗ್ಗದ ರಕ್ಷಣೆ.

ದುಬಾರಿ ಟಯರೂ ಇದೆ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್‌ನಲ್ಲಿ ನೆಲಕ್ಕೂ ಟ್ಯೂಬಿಗೂ ನಡುವೆ 5 ಮಿ.ಮೀ. ದಪ್ಪದ ರಬ್ಬರ್ ಪದರವಿದೆ. ಮುಳ್ಳು ಅಲ್ಲೇ ಸೋಲುತ್ತದೆ. ಆದರೆ ಈ ಟಯರ್ ಭಾರ, ಬಿಗಿ. ಚಿಕ್ಕ ರಿಮ್ಮಿನ ಮೇಲೆ ಅದನ್ನು ಏರಿಸುವಾಗ ಹೆಬ್ಬೆರಳು ದೇವರನ್ನು ನೆನೆಯುತ್ತದೆ. ಟಯರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ತಳ್ಳುತ್ತ ಬಂದು ವಾಲ್ವಿನ ಬಳಿ ಮುಗಿಸಿದರೆ ಲಿವರಿನ ಹಂಗಿಲ್ಲದೆ ಕೂರುತ್ತದೆ. ಲಿವರ್ ಹಾಕಿದಿರೋ, ಹೊಸ ಟ್ಯೂಬಿಗೇ ತೂತು.

ಹಾಗಾದರೆ ಹಿಂಚಕ್ರವನ್ನು ಬಿಚ್ಚಲೇಬೇಕೆ? ಚೌಕಟ್ಟಿನ ಕೊಳವೆಯೊಳಗೆ ಅಡಗಿ ಕೂರುವ ಸಲಕರಣೆಗಳ ಕಟ್ಟನ್ನು ಬ್ರಾಂಪ್ಟನ್ ಕಂಪನಿಯೇ ಮಾರುತ್ತದೆ, ಸ್ಪ್ಯಾನರ್ ಸಮೇತ. ಸೊಗಸಾದ ವಸ್ತು. ಆದರೆ ನಮ್ಮೂರಿನ ಪಂಕ್ಚರ್ ಅಂಗಡಿಯವನು ಹಿಂಚಕ್ರದ ನಟ್ಟು ಮುಟ್ಟುವುದು ಕೊನೆಯ ಉಪಾಯವಾಗಿ. ಟಯರಿನ ಒಂದು ಮಗ್ಗುಲನ್ನಷ್ಟೇ ಕಿತ್ತು, ಟ್ಯೂಬನ್ನು ಕರುಳಿನಂತೆ ಹೊರಗೆಳೆದು, ನೀರಿನ ಬೋಗುಣಿಗೆ ಅದ್ದಿ, ಗುಳ್ಳೆ ಎದ್ದಲ್ಲಿ ಬೆರಳಿಡುತ್ತಾನೆ. ಲಂಡನ್ನಿನ ಈ ಸೈಕಲ್ಲಿಗೂ ಇದೇ ಸರಿ. ಚೈನು, ಗೇರು ಎಲ್ಲ ಬಲಗಡೆ ಇರುವುದರಿಂದ ಎಡಗಡೆಯಿಂದ ಟಯರ್ ಬಿಡಿಸಿದರೆ ಒಂದು ನಟ್ಟೂ ಅಲುಗುವುದಿಲ್ಲ. ನೀರಿಲ್ಲದಿದ್ದರೆ ಕೆನ್ನೆ ಹತ್ತಿರ ತಂದರೆ ಗಾಳಿಯ ಎಳೆ ತಾಗುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದರ ಹೊಳಪು ಹೋಗುವವರೆಗೆ ಕಾದು ತೇಪೆ ಒತ್ತಬೇಕು. ಹಸಿಯಲ್ಲೇ ಅಂಟಿಸುವ ಅವಸರಗಾರರು ಮರುದಿನ ಮತ್ತೆ ಪಂಪು ಹಿಡಿಯುತ್ತಾರೆ. ವಾಲ್ವಿನ ಬುಡವೇ ಹರಿದಿದ್ದರೆ ಮಾತ್ರ ಸ್ಪ್ಯಾನರಿಗೆ ಶರಣಾಗಬೇಕು.

ಟ್ಯೂಬಿನಲ್ಲಿ ಹಿಡಿಯುವ ಗಾಳಿಯೇ ಸ್ವಲ್ಪ, ಅದರಲ್ಲೂ ದಿನೇ ದಿನೇ ಸೋರುತ್ತದೆ. ಸಡಿಲ ಟಯರ್ ಹಳ್ಳಕ್ಕೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು. ಅದಕ್ಕೆ ಮುಳ್ಳನ್ನು ಬೈದು ಫಲವಿಲ್ಲ. ಬ್ರಾಂಪ್ಟನ್ನಿನ ವಾಲ್ವು ಸ್ಕೂಟರಿನ ಜಾತಿಯದು, ಪೆಟ್ರೋಲ್ ಬಂಕಿನ ಗಾಳಿಯೂ ಒಗ್ಗುತ್ತದೆ. ಒತ್ತಡ ಎಷ್ಟೆಂದು ಟಯರಿನ ಮಗ್ಗುಲಲ್ಲೇ ಅಚ್ಚು ಹಾಕಿರುತ್ತಾರೆ. ಕಾರಿನ ಟಯರಿಗಿಂತ ಬಹಳ ಹೆಚ್ಚಿನ ಆ ಅಂಕಿಯನ್ನು ಹೇಳಿದರೆ, ಬೆರಳಷ್ಟು ದಪ್ಪದ ಈ ಟಯರನ್ನು ನೋಡಿ ಬಂಕಿನ ಹುಡುಗ ಮೊದಲು ನಗುತ್ತಾನೆ.