ಕೋಸಂಬಿಯವರ ಅರೆಪರಿಚಯ

ದಾಮೋದರ ಧರ್ಮಾನಂದ ಕೋಸಂಬಿಯವರು (1907–1966) ಪುಣೆಯ ನಮ್ಮ ವಿದ್ವದ್ವಲಯಕ್ಕೆ ಇತಿಹಾಸಕಾರರೆಂದೇ ಪರಿಚಿತರು. ಈ ಪರಿಚಯವು ಅರೆಯಾದುದೆಂಬುದು ನನ್ನ ಆಕ್ಷೇಪ. ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದಾಗ, 1944ರಲ್ಲಿ, ಅವರು ಇಂಗ್ಲೆಂಡಿನ ‘ಆ್ಯನಲ್ಸ್ ಆಫ್ ಯೂಜೆನಿಕ್ಸ್’ ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ವರ್ಣತಂತುವಿನ ಮೇಲೆ ಎರಡು ವಂಶವಾಹಿಗಳ ನಡುವಣ ದೂರವನ್ನು, ಸಂತತಿಯಲ್ಲಿ ಕಾಣುವ ಅದಲುಬದಲಿನ ಪ್ರಮಾಣದಿಂದ ಗಣಿಸುವುದು ಹೇಗೆಂಬುದೇ ಅದರ ವಿಷಯ. 1919ರ ಹಾಲ್ಡೇನರ ಸೂತ್ರವು ಒಂದೆಡೆಯ ಅದಲುಬದಲು ಮತ್ತೊಂದನ್ನು ಬಾಧಿಸದೆಂದು ಭಾವಿಸಿತ್ತು. ಹತ್ತಿರದಲ್ಲಿ ಒಂದು ನಡೆದರೆ ಇನ್ನೊಂದಕ್ಕೆ ತಡೆಯುಂಟಾಗುವುದನ್ನೂ, ದೂರ ಹೆಚ್ಚಿದಂತೆ ಆ ತಡೆ ಸಡಿಲುವುದನ್ನೂ ಕೋಸಂಬಿಯವರು ಲೆಕ್ಕಕ್ಕೆ ತಂದರು. ನೂರಕ್ಕೆ 20 ಅದಲುಬದಲು ಕಂಡಲ್ಲಿ ಹಾಲ್ಡೇನರ ಪ್ರಕಾರ ದೂರವು 25.5 ಸೆಂಟಿಮಾರ್ಗನ್, ಕೋಸಂಬಿಯವರ ಪ್ರಕಾರ 21.2. ಬೆಳೆಗಳ ವಂಶವಾಹಿ ನಕ್ಷೆ ಬರೆಯುವವರು ಇಂದಿಗೂ ಈ ಸೂತ್ರವನ್ನು ಬಳಸುತ್ತಾರೆ.

ಪ್ರಾಚೀನ ನಾಣ್ಯಗಳನ್ನು ತೂಗಿ, ಚಲಾವಣೆಯ ಸವೆತದಿಂದ ಅವುಗಳ ಕಾಲಕ್ರಮವನ್ನು ಊಹಿಸಿದವರೂ ಇವರೇ. (ಬ್ಯಾಂಕಿನಲ್ಲಿ ನಾಣ್ಯ ಎಣಿಸಿಯೇ ಬದುಕುವ ನಮಗೆ ಇದು ಹೊಳೆಯಲಿಲ್ಲ!) ಅವರ ಇತಿಹಾಸದ ತೀರ್ಮಾನಗಳನ್ನು ಮಂಡಿಸುವ, ಖಂಡಿಸುವ ಲೇಖನಗಳನ್ನು ಬೇಕಾದಷ್ಟು ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ‘ಗಣಿತಜ್ಞರೂ ಹೌದು’ ಎಂದು ಒಂದು ಮಾತು ಹೇಳಿ ಮುಂದೆ ಸಾಗುತ್ತವೆ; ಇಷ್ಟು ಕಟ್ಟುನಿಟ್ಟಾಗಿ ಅಳೆಯಬಲ್ಲವರು ಇತಿಹಾಸದಲ್ಲಿ ಎಲ್ಲಿ ಅಳೆದರು, ಎಲ್ಲಿ ಕೇವಲ ಅಂದಾಜಿಸಿದರು ಎಂದು ಕೇಳುವುದಿಲ್ಲ.